ಆ ಸೊನ್ನೆ ಯಾರದ್ದು?

ತಂಗಿಯ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಸಂಜೆ ಅವಳು ಕೇಳಿದ್ದು ಮೊಬೈಲ್ ಅಲ್ಲ, ವಂಡರ್‌ಲಾ. ‘ಫಸ್ಟ್ ಕ್ಲಾಸ್ ಬಂದ್ರೆ ಕರ್ಕೊಂಡು ಹೋಗ್ತೀನಿ’ ಅಂತ ಜನವರಿಯಲ್ಲಿ ನಾನೇ ಬಾಯಿ ತಪ್ಪಿ ಹೇಳಿದ್ದೆ. ಅವಳು ಓದಿಬಿಟ್ಟಳು. ಪಿಯುಸಿ ಮಕ್ಕಳಿಗೆ ಗಣಿತ ಟ್ಯೂಷನ್ ಹೇಳಿ ಕೂಡಿಟ್ಟ 16,000 ರೂಪಾಯಿ ನನ್ನ ಖಾತೆಯಲ್ಲಿತ್ತು. ಹೊಸ ಲ್ಯಾಪ್‌ಟಾಪಿಗೆ ಅಂತ ಇಟ್ಟಿದ್ದು. ಲ್ಯಾಪ್‌ಟಾಪ್ ಇನ್ನೊಂದು ಸೆಮಿಸ್ಟರ್ ತಡೆದುಕೊಳ್ಳುತ್ತೆ, ತಂಗಿ ತಡೆಯಲ್ಲ.

ನಮ್ಮ ಮನೆ ಗುಬ್ಬಿಯಲ್ಲಿ. ಅಪ್ಪನದು ಟೈಲರ್ ಅಂಗಡಿ. ನಾನು ದಿನಾ ತುಮಕೂರಿಗೆ ಹೋಗಿ ಬಿ.ಇ. ಓದುವವನು. ಹೊರಡುವವರು ಅಪ್ಪ, ಅಮ್ಮ, ಅಜ್ಜಿ, ತಂಗಿ, ನಾನು ಸೇರಿ ಐದು ಜನ. ನಮ್ಮ ಮನೆಯಲ್ಲಿ ಪ್ರವಾಸ ಅಂದರೆ ಇಲ್ಲಿಯವರೆಗೆ ಧರ್ಮಸ್ಥಳ, ಕುಕ್ಕೆ, ಹೆಚ್ಚೆಂದರೆ ಹೊರನಾಡು. ಅಲ್ಲೆಲ್ಲ ಊಟದ ಚಿಂತೆ ನಮ್ಮದಲ್ಲ. ಪಂಕ್ತಿಯಲ್ಲಿ ಕೂತರೆ ಎಲೆ ಬರುತ್ತದೆ. ತುಮಕೂರಿನವರಿಗಂತೂ ಸಿದ್ಧಗಂಗೆಯ ದಾಸೋಹ ಇರುವುದರಿಂದ ಹಸಿದವರಿಗೆ ಊಟ ಸಿಗುವುದು ಬೆಳಗಾಗುವಷ್ಟೇ ಸಹಜ. ರೂಮಿಗೂ ಅಷ್ಟೇ, ಛತ್ರದ ಕೌಂಟರಿನಲ್ಲಿ ಚೀಟಿ. ಹಾಗಾಗಿ ರೂಮು ಆರಿಸುವುದು, ಊಟಕ್ಕೆ ಲೆಕ್ಕ ಹಾಕುವುದು ನಮ್ಮ ಮನೆಯಲ್ಲಿ ಯಾರೂ ಮಾಡಿರದ ಕೆಲಸ. ಎಂಜಿನಿಯರಿಂಗ್ ಓದುತ್ತಿರುವ ಮಗ ಮನೆಯಲ್ಲಿದ್ದಾನಲ್ಲ, ಅವನೇ ಮಾಡಲಿ ಎಂದಾಯಿತು.

ನಾನು ಎಕ್ಸೆಲ್ ತೆರೆದೆ.

ವಂಡರ್‌ಲಾ ಇರುವುದು ಬೆಂಗಳೂರು–ಮೈಸೂರು ರಸ್ತೆಯಲ್ಲಿ, ಬಿಡದಿ ಹತ್ತಿರ. 2000ರಲ್ಲಿ ಕೊಚ್ಚಿಯಲ್ಲಿ ಶುರುವಾದವರು 2005ರಲ್ಲಿ ಇಲ್ಲಿಗೆ ಬಂದರು. ಅಂದರೆ ಪಾರ್ಕು ನನಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಶೀಟಿನಲ್ಲಿ ನಾಲ್ಕು ಸಾಲು ಹಾಕಿದೆ. ಒಂದು, ಬೆಳಗಿನ ಜಾವ ಗುಬ್ಬಿ ಬಿಟ್ಟು ರಾತ್ರಿ ವಾಪಸ್, ಅಮ್ಮ ಕಟ್ಟಿಕೊಡುವ ಬುತ್ತಿ. ಎರಡು, ಹಿಂದಿನ ರಾತ್ರಿ ಕುಣಿಗಲ್‌ನ ಸೋದರಮಾವನ ಮನೆಯಲ್ಲಿ ಉಳಿದು ಅಲ್ಲಿಂದ ಹೊರಡುವುದು. ಮೂರು, ಬಿಡದಿಯಲ್ಲೊಂದು ಲಾಡ್ಜು. ನಾಲ್ಕು, ಪಾರ್ಕಿಗೆ ಅಂಟಿಕೊಂಡೇ ಇರುವ ಅವರದೇ ರೆಸಾರ್ಟು.

ನಾಲ್ಕನೆಯದನ್ನು ನೋಡುತ್ತಲೇ ಒಂದು ವಿಷಯ ಕುತೂಹಲ ಹುಟ್ಟಿಸಿತು. ಆಟ ಆಡಿಸುವವರು ಹಾಸಿಗೆ ಯಾಕೆ ಬಾಡಿಗೆಗೆ ಕೊಡುತ್ತಾರೆ? ಇದರ ಕತೆ ಅಮೆರಿಕದಲ್ಲಿ ಶುರುವಾಗುತ್ತದೆ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ವಾಲ್ಟ್ ಡಿಸ್ನಿ ಕೈಯಲ್ಲಿ ಸುತ್ತಲಿನ ಜಮೀನು ಇರಲಿಲ್ಲ. ಬೇಲಿಯಾಚೆ ಯಾರ‍್ಯಾರೋ ಮೋಟೆಲು ಕಟ್ಟಿ, ಪಾರ್ಕಿಗೆ ಬಂದವರಿಂದ ದುಡ್ಡು ಮಾಡಿಕೊಂಡರು. ಆ ಪಾಠ ಕಲಿತೇ ಫ್ಲೋರಿಡಾದಲ್ಲಿ ಸಾವಿರಾರು ಎಕರೆ ಮೊದಲೇ ಕೊಂಡು, 1971ರಲ್ಲಿ ಪಾರ್ಕಿನ ಜೊತೆಗೇ ತಮ್ಮದೇ ಎರಡು ಹೋಟೆಲು ತೆರೆದರು. ಬಿಡದಿಯ ರೆಸಾರ್ಟು ಶುರುವಾದದ್ದು 2012ರಲ್ಲಿ, 84 ಕೋಣೆ. ಪುಟ್ಟ ಮಕ್ಕಳಿರುವವರಿಗೆ, ನಡೆಯಲು ಕಷ್ಟಪಡುವ ಹಿರಿಯರಿರುವವರಿಗೆ ಅದೇ ಒಳ್ಳೆಯದು ಅಂತ ನನಗೂ ಅನ್ನಿಸಿತು. ಮಗು ಅತ್ತರೆ ಐದು ನಿಮಿಷದಲ್ಲಿ ರೂಮು. ನಮ್ಮ 16,000ದಲ್ಲಿ ಐದು ಜನರ ಟಿಕೆಟ್ಟೂ ಕಳೆದು ಅಲ್ಲಿ ಎರಡು ರೂಮು ಆಗುವ ಮಾತಲ್ಲ. ಆ ಸಾಲನ್ನು ಬೂದು ಬಣ್ಣ ಮಾಡಿದೆ.

ಆದರೆ ರೆಸಾರ್ಟು, ಹೋಟೆಲುಗಳ ದರಪಟ್ಟಿ ಓದುತ್ತ ನಾಲ್ಕು ಸಂಕೇತ ಕಲಿತೆ. ಮೊದಲ ಸಲ ರೂಮು ಬುಕ್ ಮಾಡುವವರಿಗೆ ಇದು ಬೇಕೇ ಬೇಕು. ಇ.ಪಿ. ಅಂದರೆ ಬರೀ ರೂಮು. ಸಿ.ಪಿ. ಅಂದರೆ ರೂಮು ಮತ್ತು ಬೆಳಗಿನ ತಿಂಡಿ. ಎಂ.ಎ.ಪಿ. ಅಂದರೆ ತಿಂಡಿಯ ಜೊತೆ ಒಂದು ಹೊತ್ತಿನ ಊಟ. ಎ.ಪಿ. ಅಂದರೆ ಮೂರು ಹೊತ್ತೂ. ಎ.ಪಿ. ನೋಡಿದ ತಕ್ಷಣ ‘ಎಲ್ಲಾ ಸೇರಿದೆ, ನೆಮ್ಮದಿ’ ಅನ್ನಿಸುತ್ತದೆ. ಮಧ್ಯಾಹ್ನ ಒಂದೂವರೆಗೆ ನಾವು ಎಲ್ಲಿರುತ್ತೇವೆ? ಪಾರ್ಕಿನ ಒಳಗೆ, ಒದ್ದೆ ಬಟ್ಟೆಯಲ್ಲಿ. ರೂಮಿನ ಜೊತೆ ಕೊಂಡ ಊಟ ಅಲ್ಲಿ ಆರುತ್ತಿರುತ್ತದೆ, ಇಲ್ಲಿ ಇನ್ನೊಂದು ಊಟಕ್ಕೆ ಕೂಪನ್ ಹರಿಯುತ್ತಿರುತ್ತದೆ. ಇಡೀ ದಿನ ಹೊರಗಿರುವವರಿಗೆ ಎ.ಪಿ. ದಂಡ.

ಇನ್ನೊಂದು ಮಾತು. ಸಿ.ಪಿ. ಅಂತ ಬರೆದಿದ್ದರೂ ತಿಂಡಿ ಎಷ್ಟು ಜನಕ್ಕೆ ಅಂತ ಕೇಳಿ. ನಾನು ಫೋನ್ ಮಾಡಿದ ಒಂದು ಲಾಡ್ಜಿನಲ್ಲಿ ಮೂರು ಜನ ಮಲಗುವ ರೂಮಿಗೂ ತಿಂಡಿ ಇಬ್ಬರಿಗೇ. ಮೂರನೆಯವರು ಬೇರೆ ಕೊಡಬೇಕು. ಆ್ಯಪಿನಲ್ಲಿ ಕಾಣುವ ದರಕ್ಕೆ ತೆರಿಗೆ ಸೇರಿದೆಯಾ ಅಂತಲೂ ನೋಡಿಕೊಳ್ಳಿ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ.

ಶೀಟು ಮುಗಿಯಿತು. ಕೆಳಗಿನ ಮೊತ್ತ ನೋಡಿದರೆ ಉತ್ತರ ತಾನಾಗೇ ಬಂದಿತ್ತು. ಎರಡನೇ ಸಾಲು, ಕುಣಿಗಲ್. ವಸತಿ 0, ರಾತ್ರಿ ಊಟ 0, ಬೆಳಗಿನ ತಿಂಡಿ 0. ದಾರಿಯಲ್ಲೇ ಇದೆ ಬೇರೆ. ತುಮಕೂರಿನಿಂದ ಕುಣಿಗಲ್‌ಗೆ ಬಸ್ಸು, ಅಲ್ಲಿಂದ ಮಾಗಡಿ, ಮಾಗಡಿಯಿಂದ ಬಿಡದಿ. (ಬೆಂಗಳೂರಿನ ಮೂಲಕವೂ ಹೋಗಬಹುದು. ಮಾದಾವರದಿಂದ ಹಸಿರು ಮೆಟ್ರೊ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ನೇರಳೆ ಮಾರ್ಗದಲ್ಲಿ ಚಲ್ಲಘಟ್ಟ, ಆಮೇಲೆ ಬಸ್ಸು. ಆದರೆ ಮೆಟ್ರೊದಲ್ಲಿ ಶಕ್ತಿ ಯೋಜನೆ ಇಲ್ಲ.) ಲ್ಯಾಪ್‌ಟಾಪ್ ತಿರುಗಿಸಿ ಎಲ್ಲರಿಗೂ ತೋರಿಸಿದೆ. ಪ್ರಾಜೆಕ್ಟ್ ವೈವಾ ಕೊಟ್ಟಷ್ಟೇ ಹೆಮ್ಮೆ. ಅಪ್ಪ ತಲೆಯಾಡಿಸಿದರು.

ಅಮ್ಮ ಅವರೆಕಾಯಿ ಬಿಡಿಸುತ್ತಿದ್ದವರು ತಲೆ ಎತ್ತದೆ ಕೇಳಿದರು: ‘ಸೊನ್ನೆ ಅಂತ ಬರ್ದಿದ್ದೀಯಲ್ಲ, ಆ ಸೊನ್ನೆ ಯಾರದ್ದು ಕಣೋ?’

ನನಗೆ ಅರ್ಥವಾಗಲಿಲ್ಲ.

‘ಹೋದ ವರ್ಷ ಜಾತ್ರೆಗೆ ಅಂತ ನಾವೆಲ್ಲ ಅವರ ಮನೇಲಿ ಉಳ್ಕೊಂಡ್ವಲ್ಲ, ನಿಮ್ಮತ್ತೆ ಎಷ್ಟು ಗಂಟೆಗೆ ಎದ್ದಿದ್ರು ಗೊತ್ತಾ?’

ಗೊತ್ತಿರಲಿಲ್ಲ. ನಾನೆದ್ದಾಗ ಎಂಟಾಗಿತ್ತು, ಪಾತ್ರೆ ತುಂಬ ಉಪ್ಪಿಟ್ಟು ಇತ್ತು, ಅತ್ತೆ ಇರಲಿಲ್ಲ. ಅವರು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ವಾರಕ್ಕೆ ಆರು ದಿನ, ಬೆಳಿಗ್ಗೆ ಫ್ಯಾಕ್ಟರಿ ಗಾಡಿ ಬರುವ ಹೊತ್ತಿಗೆ ರಸ್ತೆಯಲ್ಲಿ ನಿಂತಿರಬೇಕು. ಅವತ್ತು ನಾಲ್ಕಕ್ಕೆ ಎದ್ದು ಹತ್ತು ಜನಕ್ಕೆ ತಿಂಡಿ, ಮಧ್ಯಾಹ್ನಕ್ಕೆ ಸಾರು, ಎಲ್ಲ ಮುಗಿಸಿ ಓಡಿದ್ದರಂತೆ. ಅದನ್ನು ಅವರು ಯಾರಿಗೂ ಹೇಳಲಿಲ್ಲ. ಅಮ್ಮ ಎಚ್ಚರವಿದ್ದು ನೋಡಿದ್ದರು.

‘ಒಂದನೇ ಸಾಲಿಗೂ ಒಂದು ಕಾಲಂ ಹಾಕು. ಐದು ಜನಕ್ಕೆ ಪುಳಿಯೋಗರೆ, ಮೊಸರನ್ನ ಕಟ್ಕೊಂಡು ಆರಕ್ಕೆ ಮನೆ ಬಿಡಬೇಕಂದ್ರೆ ನಾನು ಎಷ್ಟಕ್ಕೆ ಏಳಬೇಕು ಅಂತ.’

ಹಾಕಿದೆ. ಮೂರು ಗಂಟೆ ಅಂತ ಬಂತು. ಆ ಬುತ್ತಿಯನ್ನೂ ಗೇಟಿನಲ್ಲಿ ಬಿಡುವುದಿಲ್ಲ, ಹೊರಗಿನ ತಿಂಡಿಗೆ ಒಳಗೆ ಅವಕಾಶ ಇಲ್ಲ ಅಂತ ನಿಯಮದಲ್ಲೇ ಇದೆ. ಅಂದರೆ ಅಮ್ಮ ಮೂರಕ್ಕೆ ಎದ್ದು ಮಾಡಿದ್ದನ್ನು ನಾವು ಬಸ್ ಸ್ಟ್ಯಾಂಡಿನಲ್ಲೇ ತಿಂದು ಮುಗಿಸಬೇಕಿತ್ತು. ಮೂರು ರಾತ್ರಿ ಕೂತು ಮಾಡಿದ ಶೀಟಿನಲ್ಲಿ ಈ ಕಾಲಂ ನನಗೆ ಹೊಳೆದೇ ಇರಲಿಲ್ಲ. ಹೊಳೆಯದ್ದಕ್ಕೆ ನಾಚಿಕೆಯಾಯಿತು ಅನ್ನುವುದನ್ನೂ ಬರೆದುಬಿಡುತ್ತೇನೆ.

ಲಾಡ್ಜು ಅಂದಾಗ ಅಪ್ಪನ ತಕರಾರು ಬೇರೆಯೇ ಇತ್ತು. ‘ಊರು ದಾಟ್ಕೊಂಡು ಹೋಗಿ ದುಡ್ಡು ಕೊಟ್ಟು ಮಲಗಿದ್ವಿ ಅಂದ್ರೆ ಭಾವನವರು ಏನಂದ್ಕೋತಾರೆ? ಮನೆ ಚಿಕ್ಕದು ಅಂತ ಬರಲಿಲ್ಲ ಅನ್ನಲ್ವಾ?’ ಅದೂ ಸುಳ್ಳಲ್ಲ. ನೆಂಟರ ಮನೆ ಮುಂದೆ ಬಸ್ಸಿನಲ್ಲಿ ಕೂತು ಹಾದುಹೋಗುವುದು ನಮ್ಮ ಕಡೆ ಜಗಳಕ್ಕೆ ಸಮ. ಎರಡು ದಿನ ವಿಷಯ ಅಲ್ಲೇ ನಿಂತಿತು. ತಂಗಿ ಮುಖ ಊದಿಸಿಕೊಂಡು ಓಡಾಡಿದಳು.

ಕೊನೆಗೆ ಅಮ್ಮನೇ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಅತ್ತೆಗೆ ಇದ್ದದ್ದು ಇದ್ದ ಹಾಗೆ ಹೇಳಿದರು. ಈ ಸಲ ಮನೆಗೆ ಬರಲ್ಲ, ನೀವು ಒದ್ದಾಡೋದು ಬೇಡ, ಬೇಜಾರು ಮಾಡ್ಕೋಬೇಡಿ ಅತ್ತಿಗೆ ಅಂತ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಅಪ್ಪ ‘ನೋಡಿದ್ಯಾ’ ಅನ್ನುವ ಹಾಗೆ ನನ್ನ ಕಡೆ ತಿರುಗಿದರು.

‘ಭಾನುವಾರವಾ ಹೋಗೋದು?’ ಅಂದರು ಅತ್ತೆ. ‘ನನ್ನೂ ಕರ್ಕೊಂಡು ಹೋಗ್ತೀರಾ?’

ಅಲ್ಲಿಗೆ ಇಡೀ ಶೀಟು ಅಳಿಸಿ ಹೊಸದಾಗಿ ಬರೆದೆ. ಆರು ಜನ. ವಾರದ ದಿನ ಟಿಕೆಟ್ ಕಡಿಮೆ, ಆದರೆ ಅತ್ತೆಗೆ ರಜೆ ಭಾನುವಾರವೇ. ಸೋಮವಾರ ಒಂದು ದಿನ ರಜೆ ಹಾಕುತ್ತೇನೆ ಅಂದರು. ಮಾವ ಹಸು ನೋಡಿಕೊಳ್ಳಬೇಕು, ಬರಲ್ಲ. ಈ ಸಲ ಸಮಯದ ಕಾಲಂ ಮೊದಲು ಹಾಕಿದ್ದರಿಂದ ಇನ್ನೊಂದು ತಪ್ಪೂ ಕಣ್ಣಿಗೆ ಬಿತ್ತು. ನಾನು ರೂಮು ಹುಡುಕಿದ್ದೆಲ್ಲ ಹಿಂದಿನ ರಾತ್ರಿಗೆ. ಪಾರ್ಕು ತೆರೆಯುವುದು ಸಾಮಾನ್ಯವಾಗಿ 11ಕ್ಕೆ. ಆರು ಗಂಟೆಗೆ ಗುಬ್ಬಿ ಬಿಟ್ಟರೆ ನಿಧಾನವಾಗಿ ಹೋದರೂ ಸಾಕು. ಹಿಂದಿನ ರಾತ್ರಿ ಉಳಿಯುವ ಅಗತ್ಯವೇ ಇಲ್ಲ. ಕಷ್ಟ ಇರುವುದು ಸಂಜೆ. ನೀರಲ್ಲಿ ಬಿದ್ದು ಎದ್ದು, ಒದ್ದೆ ಬಟ್ಟೆಯ ಚೀಲ ಹೊತ್ತು, ಮಂಡಿನೋವಿನ ಅಜ್ಜಿಯನ್ನು ಕರೆದುಕೊಂಡು ಮೂರು ಬಸ್ಸು ಬದಲಿಸಿ ಮಧ್ಯರಾತ್ರಿ ಮನೆ ಸೇರುವುದು. ರೂಮು ಬೇಕಾಗುವುದು ಆ ರಾತ್ರಿಗೆ.

ಬಿಡದಿಯಲ್ಲಿ ಕಾರ್ಖಾನೆಗಳು ಇರುವುದರಿಂದ ಸಾಧಾರಣ ಲಾಡ್ಜುಗಳಿವೆ. ಐದು ಕಡೆ ಫೋನ್ ಮಾಡಿದೆ. ಫೋಟೊ ನೋಡಿ ಬುಕ್ ಮಾಡಬೇಡಿ, ಫೋನ್ ಮಾಡಿ. ಕೇಳಬೇಕಾದದ್ದು ಇಷ್ಟು: ಸಂಜೆ ಬಿಸಿನೀರು ಬರುತ್ತಾ? (ಎರಡು ಕಡೆ ಬೆಳಿಗ್ಗೆ ಮಾತ್ರ.) ಕೆಳಗಿನ ಮಹಡಿಯಲ್ಲಿ ರೂಮು ಇದೆಯಾ? ಚೆಕ್ ಇನ್‌ಗೆ ಮೊದಲೇ ಬಂದರೆ ಬ್ಯಾಗ್ ಇಟ್ಟುಕೊಳ್ಳುತ್ತಾರಾ? ರೂಮು ಬಿಡುವುದು ಮಧ್ಯಾಹ್ನ 12ಕ್ಕೋ, 24 ಗಂಟೆ ಲೆಕ್ಕವೋ? ಹೆಂಗಸರು ನಾಲ್ವರಿಗೆ ಮೂರು ಹಾಸಿಗೆಯ ರೂಮು, ಹೆಚ್ಚುವರಿ ಒಂದು ಹಾಸಿಗೆ, ನನಗೂ ಅಪ್ಪನಿಗೂ ಚಿಕ್ಕದೊಂದು. ತೆರಿಗೆ ಸೇರಿ 2,900. ಇ.ಪಿ., ತಿಂಡಿ ಬೇಡ ಅಂದೆ. ಬಿಡದಿಗೆ ಹೋಗಿ ಲಾಡ್ಜಿನ ಬ್ರೆಡ್ಡು ತಿನ್ನುವವರುಂಟೇ?

ಭಾನುವಾರ ಹೊರಟೆವು. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ, ಅಜ್ಜಿ ಆಧಾರ್ ಕಾರ್ಡನ್ನು ಸೆರಗಿಗೇ ಕಟ್ಟಿಕೊಂಡಿದ್ದರು. ರಾತ್ರಿ ಲಾಡ್ಜಿನಲ್ಲಿ ಗುರುತಿನ ಚೀಟಿ ಕೇಳಿದಾಗ ಮೊದಲು ತೆಗೆದುಕೊಟ್ಟವರೂ ಅವರೇ. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಹೊಸ ಚೂಡಿದಾರದಲ್ಲಿ ನಿಂತಿದ್ದರು. ಕೈಯಲ್ಲಿ ಟಿಫಿನ್ ಡಬ್ಬಿ ಇತ್ತು. ಅಮ್ಮ ನೋಡಿ ಬೈದರು. ‘ಬರೀ ಚಕ್ಕುಲಿ ಕಣ್ರೀ, ನಿನ್ನೇದು’ ಅಂತ ಅತ್ತೆ ನಕ್ಕರು. ಮಾಗಡಿ ಬರುವಷ್ಟರಲ್ಲಿ ಡಬ್ಬಿ ಖಾಲಿ.

ಪಾರ್ಕಿನ ಬಗ್ಗೆ ಹೆಚ್ಚು ಬರೆಯಲ್ಲ, ನೀವೆಲ್ಲ ಹೋಗಿದ್ದೀರಿ. ನನ್ನ ಕಾಲೇಜು ಐ.ಡಿ.ಗೆ ರಿಯಾಯಿತಿ ಸಿಕ್ಕಿತು, ಅಜ್ಜಿಗೆ ಹಿರಿಯರ ದರ. ಊಟಕ್ಕೆ ಮಾತ್ರ ಒಂದು ಉಪಾಯ ಮಾಡಿದ್ದೆವು. ಅಜ್ಜಿಗೆ ಸಕ್ಕರೆ ಕಾಯಿಲೆ, ಮಾತ್ರೆ ನುಂಗಿದ ಮೇಲೆ ಕಾಯುವ ಹಾಗಿಲ್ಲ. ಒಂದೂವರೆಗೆ ಎಲ್ಲರಿಗೂ ಹಸಿವಾಗುತ್ತದೆ, ಸಾಲು ಉದ್ದವಾಗುತ್ತದೆ. ನಾವು ಹನ್ನೆರಡೂವರೆಗೇ ಹೋಗಿ ಕೂತೆವು. ಊಟ ಹೊರಗಿನದಕ್ಕಿಂತ ದುಬಾರಿಯೇ, ಅಪ್ಪ ಬಿಲ್ಲನ್ನು ಎರಡು ಸಲ ಓದಿದರು. ಉಳಿದವರು ಊಟ ಮಾಡುವ ಹೊತ್ತಿನಲ್ಲಿ ಆಟಗಳ ಸಾಲು ಕಡಿಮೆ ಇತ್ತು ಅನ್ನುವುದು ತಂಗಿಗೆ ಸಿಕ್ಕ ಲಾಭ. ಅತ್ತೆ, ಅಮ್ಮ ಇಬ್ಬರೂ ಅಲೆಗಳ ಕೊಳದಿಂದ ಮೇಲೆ ಬರಲೇ ಇಲ್ಲ. ಅಜ್ಜಿ ದಡದಲ್ಲಿ ಕೂತು ಕಾಲು ಇಳಿಬಿಟ್ಟು, ಪ್ರತಿ ಅಲೆಗೂ ಒಂದು ಸಲ ‘ಶಿವಾ’ ಅಂದರು.

ರಾತ್ರಿ ಎಂಟಕ್ಕೆ ಲಾಡ್ಜು. ಬಿಸಿನೀರು ಬಂತು. ಬಿಡದಿಯ ಒಂದು ಚಿಕ್ಕ ಹೋಟೆಲಿನಲ್ಲಿ ಮುದ್ದೆ, ಸಾರು. ಒಟ್ಟು ಖರ್ಚು 16,000 ದಾಟಿ 17,100ಕ್ಕೆ ನಿಂತಿತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಟಿಕೆಟ್ಟಿಗೇ. ಮೇಲಿನ ಸಾವಿರದ ನೂರು ಅಪ್ಪನದು.

ಬೆಳಿಗ್ಗೆ ಐದಕ್ಕೆ ಎಚ್ಚರವಾಗಿ ಬಾಗಿಲು ತೆರೆದರೆ ಅತ್ತೆ ವರಾಂಡದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ‘ಯಾಕತ್ತೆ, ನಿದ್ದೆ ಬರ್ಲಿಲ್ವಾ?’ ಅಂದೆ.

‘ನಾಲ್ಕಕ್ಕೇ ಎಚ್ಚರ ಆಯ್ತು ಕಣಪ್ಪ, ಅಭ್ಯಾಸ. ಎದ್ದು ಕೂತ್ಕೊಂಡೆ, ಏನ್ ಮಾಡೋದು ಅಂತಾನೇ ಗೊತ್ತಾಗ್ಲಿಲ್ಲ. ಆಮೇಲೆ ಹೋಗಿ ಮತ್ತೆ ಮಲಗ್ದೆ. ಈಗ ಎರಡನೇ ಸಲ ಎದ್ದಿದ್ದು.’ ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಎಂಟಕ್ಕೆ ತಟ್ಟೆ ಇಡ್ಲಿ ಹೋಟೆಲು. ಆವಿ ಹಾರುವ ಇಡ್ಲಿಯ ಮೇಲೆ ಬೆಣ್ಣೆ ಕರಗುತ್ತಿತ್ತು. ಕ್ಯಾತ್ಸಂದ್ರದ್ದೇ ಮೆತ್ತಗೆ ಅಂತ ಅಜ್ಜಿ, ಅಪ್ಪ, ನಾನು. ಬಿಡದಿಯದೇ ರುಚಿ ಅಂತ ಅಮ್ಮ, ತಂಗಿ. ಆರನೇ ವೋಟು ಅತ್ತೆಯದು. ಅವರು ಮೂರನೇ ಇಡ್ಲಿ ಹೇಳಿ, ‘ಬರ್ಲಿ ತಡೀರಿ’ ಅಂದರು.