ಕೆನ್ನೆಯ ಕೋಶಗಳು ಹೇಳುವ ಸಾಕ್ಷಿ

ಹೊಗೆಸೊಪ್ಪಿನ ಜೊತೆ ಎಲೆ-ಅಡಿಕೆ ಹಾಕುವವರ ಬಾಯಿಯಲ್ಲಿ ಹುಣ್ಣೋ ಗಡ್ಡೆಯೋ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಅಲ್ಲಿನ ಜೀವಕೋಶಗಳಲ್ಲಿ ವರ್ಣತಂತುಗಳು ಮುರಿಯತೊಡಗಿರುತ್ತವೆ. ಈ ಮುರಿತವನ್ನು ಕಾಣಲು ಸೂಜಿ ಚುಚ್ಚಬೇಕಾಗಿಲ್ಲ, ಮಾಂಸದ ಚೂರು ಕತ್ತರಿಸಬೇಕಾಗಿಲ್ಲ. ಕೆನ್ನೆಯ ಒಳಬದಿಯನ್ನು ಮರದ ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ಕೆರೆದು, ಬಂದದ್ದನ್ನು ಗಾಜಿನ ಸ್ಲೈಡಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಎಣಿಸಿದರೆ ಆಯಿತು. ಇದಕ್ಕೆ ಮೈಕ್ರೋನ್ಯೂಕ್ಲಿಯಸ್ ಪರೀಕ್ಷೆ ಎನ್ನುತ್ತಾರೆ. ಮೈಕ್ರೋನ್ಯೂಕ್ಲಿಯಸ್ಸನ್ನು ಇಲ್ಲಿ ಕಿರುಕೇಂದ್ರ ಎಂದು ಕರೆಯೋಣ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯದ ನಮಗೆ ಈ ಪರೀಕ್ಷೆಯ ಪರಿಚಯ ಇರಲೇಬೇಕು.

ಕೋಶವೊಂದು ಎರಡಾಗುವ ಹೊತ್ತಿಗೆ ವರ್ಣತಂತುಗಳೆಲ್ಲ ನಡುವೆ ಸಾಲಾಗಿ ನಿಲ್ಲುತ್ತವೆ. ಎರಡೂ ತುದಿಗಳಿಂದ ಬರುವ ನೂಲಿನಂಥ ಎಳೆಗಳು ಅವುಗಳ ನಕಲುಗಳನ್ನು ಒಂದೊಂದು ಕಡೆಗೆ ಎಳೆದುಕೊಳ್ಳುತ್ತವೆ. ಎಳೆ ಹಿಡಿದುಕೊಳ್ಳುವುದು ವರ್ಣತಂತುವಿನ ಸೆಂಟ್ರೋಮಿಯರ್ ಎಂಬ ಭಾಗವನ್ನು. ವರ್ಣತಂತು ಮುರಿದಿದ್ದರೆ, ಸೆಂಟ್ರೋಮಿಯರ್ ಇಲ್ಲದ ತುಂಡಿಗೆ ಹಿಡಿಕೆಯೇ ಇರುವುದಿಲ್ಲ. ಅದು ಹಿಂದೆ ಬೀಳುತ್ತದೆ, ಹೊಸ ಕೋಶಕೇಂದ್ರದೊಳಗೆ ಸೇರದೆ ತನ್ನದೇ ಪೊರೆ ಸುತ್ತಿಕೊಂಡು ಪಕ್ಕದಲ್ಲಿ ಚುಕ್ಕೆಯಾಗಿ ಉಳಿಯುತ್ತದೆ. ಈ ಚುಕ್ಕೆಯೇ ಕಿರುಕೇಂದ್ರ. ಎಳೆಗಳೇ ಕೆಟ್ಟರೆ ಇಡೀ ವರ್ಣತಂತುವೇ ಹಿಂದೆ ಬೀಳುವುದೂ ಉಂಟು. ಕಿರುಕೇಂದ್ರದೊಳಗೆ ಸೆಂಟ್ರೋಮಿಯರ್ ಇದೆಯೇ ಎಂದು ಬೇರೆ ಗುರುತುಕಾರಕ ಬಳಸಿ ನೋಡಿದರೆ, ಕಳೆದುಹೋದದ್ದು ತುಂಡೋ ಇಡೀ ವರ್ಣತಂತುವೋ ತಿಳಿಯುತ್ತದೆ.

ಕೆನ್ನೆಯ ಒಳಪದರದಲ್ಲಿ ವಿಭಜನೆ ನಡೆಯುವುದು ತಳದ ಸಾಲಿನಲ್ಲಿ. ಅಲ್ಲಿ ಹುಟ್ಟಿದ ಕೋಶಗಳು ಒಂದರಿಂದ ಮೂರು ವಾರಗಳಲ್ಲಿ ಮೇಲಕ್ಕೆ ಸರಿದು ಉದುರಿಹೋಗುತ್ತವೆ. ಹಾಗಾಗಿ ಇವತ್ತು ಕಡ್ಡಿಗೆ ಅಂಟಿದ ಕೋಶ, ಕೆಲವು ವಾರಗಳ ಹಿಂದೆ ತಳದಲ್ಲಿ ಏನಾಯಿತು ಎಂಬುದನ್ನು ಹೇಳುತ್ತದೆ.

ವಿಧಾನ ಸುಲಭವಾದರೂ ಎಣಿಕೆ ಸುಲಭವಲ್ಲ. ಮೊದಲು ನೀರಿನಿಂದ ಚೆನ್ನಾಗಿ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ಸ್ಲೈಡಿನ ತುಂಬ ಅಡಿಕೆಯ ಚೂರು. ಬ್ಯಾಕ್ಟೀರಿಯಾ, ಕೆರಾಟಿನ್ ಕಣಗಳು ಕೂಡ ಚುಕ್ಕೆಗಳಂತೆಯೇ ಕಂಡು ಮೋಸಮಾಡುತ್ತವೆ. ರಕ್ತಪರೀಕ್ಷೆಯಲ್ಲಿ ಬಳಸುವ ಜೀಮ್ಸಾ ಬಣ್ಣ ಡಿಎನ್‌ಎ ಇಲ್ಲದ ಕಣಗಳಿಗೂ ಹತ್ತುವುದರಿಂದ, ಅದನ್ನು ನಂಬಿ ಎಣಿಸಿದರೆ ಲೆಕ್ಕ ಉಬ್ಬುತ್ತದೆ. ಇದಕ್ಕೆ ಫಾಯ್ಲ್‌ಗನ್ ವಿಧಾನವೇ ಸರಿ. ಜರ್ಮನಿಯ ರಾಬರ್ಟ್ ಫಾಯ್ಲ್‌ಗನ್ 1924ರಲ್ಲಿ ತೋರಿಸಿಕೊಟ್ಟ ಈ ಕ್ರಮದಲ್ಲಿ ಸ್ಲೈಡನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇಟ್ಟು ಆಮೇಲೆ ಷಿಫ್ ದ್ರಾವಣದಲ್ಲಿ ಅದ್ದಿದಾಗ ಡಿಎನ್‌ಎ ಇರುವ ಕಡೆ ಮಾತ್ರ ನೇರಳೆಗೆಂಪು ಬಣ್ಣ ಏರುತ್ತದೆ. ಅಷ್ಟಾದ ಮೇಲೂ ಚುಕ್ಕೆ ದುಂಡಗಿರಬೇಕು, ಮುಖ್ಯ ಕೇಂದ್ರದಷ್ಟೇ ಗಾಢವಾಗಿರಬೇಕು, ಅದಕ್ಕೆ ತಾಗಿಕೊಂಡಿರಬಾರದು, ಅಗಲ ಅದರ ಮೂರನೇ ಒಂದು ಭಾಗವನ್ನು ಮೀರಬಾರದು. ಇದಿಷ್ಟು ಒಪ್ಪಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಒಬ್ಬೊಬ್ಬರಲ್ಲೂ ಸಾವಿರ, ಸಾಧ್ಯವಾದರೆ ಎರಡು ಸಾವಿರ ಕೋಶಗಳನ್ನು ನೋಡಬೇಕು. ಸ್ಲೈಡ್ ಯಾರದೆಂದು ಎಣಿಸುವವರಿಗೆ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ.

ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಸಾವಿರ ಕೋಶಗಳಲ್ಲಿ ಒಂದೆರಡರಲ್ಲಿ ಕಿರುಕೇಂದ್ರ ಸಿಗುತ್ತದೆ. ಎಲೆ-ಅಡಿಕೆ ಜಗಿಯುವವರಲ್ಲಿ ಇದು ಹೆಚ್ಚಿರುವುದನ್ನು ಕೆನಡಾದ ವ್ಯಾಂಕೂವರ್‌ನಲ್ಲಿದ್ದ ಹ್ಯಾನ್ಸ್ ಸ್ಟಿಚ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದರು. ಕಾರಣಗಳೂ ಬರಬರುತ್ತಾ ಸ್ಪಷ್ಟವಾದವು. ಹೊಗೆಸೊಪ್ಪಿನ ನೈಟ್ರೋಸಮೈನ್‌ಗಳು ಡಿಎನ್‌ಎಗೆ ಅಂಟುತ್ತವೆ. ಸುಣ್ಣ ಸೇರಿ ಕ್ಷಾರವಾದ ಬಾಯಲ್ಲಿ ಅಡಿಕೆಯ ಪಾಲಿಫೀನಾಲ್‌ಗಳಿಂದ ಡಿಎನ್‌ಎಯನ್ನು ಕಡಿಯಬಲ್ಲ ಆಮ್ಲಜನಕದ ಕಣಗಳು ಹುಟ್ಟುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಹೊರತಂದ ವರದಿ, ಹೊಗೆಸೊಪ್ಪು ಇಲ್ಲದ ಕವಳವನ್ನೂ ಬರಿಯ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಮಲೆನಾಡಿನ ತೋಟದ ಮನೆಗಳಿಗೆ ಇದು ಕಹಿ ಸುದ್ದಿ ಎಂಬುದನ್ನು ನಾನು ಬಲ್ಲೆ. ಹಾಗೆಂದು ಮುಚ್ಚಿಡುವ ಸುದ್ದಿ ಇದಲ್ಲ.

ಹೊಸ ಔಷಧಗಳನ್ನು, ರಾಸಾಯನಿಕಗಳನ್ನು ಪರೀಕ್ಷಿಸುವಾಗ ಇದೇ ತತ್ವವನ್ನು ಇಲಿಗಳ ಮೂಳೆಮಜ್ಜೆಯಲ್ಲಿ ಬಳಸುತ್ತಾರೆ. ಕೆಂಪು ರಕ್ತಕಣ ಬಲಿಯುವಾಗ ತನ್ನ ಕೋಶಕೇಂದ್ರವನ್ನು ಹೊರಗೆ ಹಾಕುತ್ತದೆ, ಕಿರುಕೇಂದ್ರ ಮಾತ್ರ ಒಳಗೇ ಉಳಿದು ಎದ್ದು ಕಾಣುತ್ತದೆ. ಡಿಎನ್‌ಎಯ ಹಾನಿ ಅಳೆಯುವ ಇನ್ನೊಂದು ವಿಧಾನ ಕಾಮೆಟ್ ಪರೀಕ್ಷೆ. ಕೋಶಗಳನ್ನು ಅಗರೋಸ್ ಪದರದಲ್ಲಿ ಹುದುಗಿಸಿ ವಿದ್ಯುತ್ ಹರಿಸಿದಾಗ ತುಂಡಾದ ಡಿಎನ್‌ಎ ಧೂಮಕೇತುವಿನ ಬಾಲದ ಹಾಗೆ ಹೊರಗೆ ಹರಿಯುತ್ತದೆ. ಬಾಲ ದೊಡ್ಡದಿದ್ದಷ್ಟೂ ಹಾನಿ ಹೆಚ್ಚು. ಈಗ ಹೆಚ್ಚು ಬಳಕೆಯಲ್ಲಿರುವ ಅದರ ಕ್ಷಾರೀಯ ರೂಪವನ್ನು ನರೇಂದ್ರ ಸಿಂಗ್ ಮತ್ತು ಸಂಗಡಿಗರು 1988ರಲ್ಲಿ ಕೊಟ್ಟರು. ಕಾಮೆಟ್ ತೋರಿಸುವ ಎಷ್ಟೋ ಗಾಯಗಳನ್ನು ಕೋಶ ಗಂಟೆಗಳೊಳಗೆ ಸರಿಪಡಿಸಿಕೊಳ್ಳುತ್ತದೆ. ಕಿರುಕೇಂದ್ರ ಹಾಗಲ್ಲ, ಅದು ದುರಸ್ತಿಯ ಗಡಿ ದಾಟಿದ ಹಾನಿ.

ಕಿರುಕೇಂದ್ರ ಬರಿಯ ಗುರುತೆಂದೇ ಬಹುಕಾಲ ಭಾವಿಸಿದ್ದರು. ಆದರೆ ಅದರ ಪೊರೆ ಬಲು ದುರ್ಬಲ. ಒಳಗೆ ಸಿಕ್ಕಿಬಿದ್ದ ವರ್ಣತಂತು ನುಚ್ಚುನೂರಾಗಿ, ಚೂರುಗಳು ಅಡ್ಡಾದಿಡ್ಡಿ ಹೊಲಿದುಕೊಂಡು, ಮುಂದಿನ ವಿಭಜನೆಯಲ್ಲಿ ಮತ್ತೆ ಮುಖ್ಯ ಕೇಂದ್ರಕ್ಕೆ ನುಸುಳಬಲ್ಲದು ಎಂದು ಅಮೆರಿಕದ ಡೇವಿಡ್ ಪೆಲ್‌ಮನ್ ಅವರ ತಂಡ 2012 ಮತ್ತು 2015ರ ಪ್ರಯೋಗಗಳಲ್ಲಿ ತೋರಿಸಿತು. ಅಲ್ಲಿಗೆ ಹಾನಿಯ ಗುರುತೇ ಮುಂದಿನ ಹಾನಿಗೆ ಕಾರಣವೂ ಆಯಿತು.

ಇಷ್ಟಾದರೂ ಈ ಎಣಿಕೆಗೆ ಅದು ಹೊರಲಾರದ ಭಾರ ಹೊರಿಸಬಾರದು. ಕೇರಳದಲ್ಲಿ ಜಗಿಯುವ ಚಟವಿದ್ದ ಮೀನುಗಾರರಿಗೆ ಸ್ಟಿಚ್ ಮತ್ತು ಅಲ್ಲಿನ ವೈದ್ಯರು ಬೀಟಾ ಕ್ಯಾರೋಟಿನ್, ಎ ಜೀವಸತ್ವ ಕೊಟ್ಟು ನೋಡಿದರು. ಚಟ ಮುಂದುವರಿದಿದ್ದರೂ ಕಿರುಕೇಂದ್ರಗಳು ಇಳಿದವು, ಬಾಯಿಯ ಬಿಳಿ ಮಚ್ಚೆಗಳು ಎಷ್ಟೋ ಜನರಲ್ಲಿ ಮಾಯವಾದವು. ಮಾತ್ರೆ ನುಂಗಿ ಜಗಿಯುತ್ತಲೇ ಇರಬಹುದೆಂಬ ಆಸೆ ಹುಟ್ಟಿಸುವಂಥ ಫಲಿತಾಂಶ ಅದು. ಆದರೆ ಫಿನ್ಲೆಂಡಿನ 29,133 ಧೂಮಪಾನಿ ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೀಟಾ ಕ್ಯಾರೋಟಿನ್ ನುಂಗಿದವರಿಗೇ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು ಬಂತು. ಅಂಗ ಬೇರೆ, ಚಟ ಬೇರೆ, ನಿಜ. ಗುರುತು ಇಳಿಯಿತೆಂದ ಮಾತ್ರಕ್ಕೆ ರೋಗ ಇಳಿಯಿತೆಂದು ಲೆಕ್ಕ ಹಾಕಬಾರದೆಂಬುದು ಮಾತ್ರ ಎರಡಕ್ಕೂ ಸಲ್ಲುತ್ತದೆ. ಒಬ್ಬ ವ್ಯಕ್ತಿಗೆ ನಾಳೆ ಕ್ಯಾನ್ಸರ್ ಬರುವುದೋ ಇಲ್ಲವೋ ಎಂಬುದನ್ನೂ ಈ ಪರೀಕ್ಷೆ ಹೇಳದು. ಒಂದು ಗುಂಪು, ಒಂದು ಕಸುಬು, ಒಂದು ಅಭ್ಯಾಸ ಮೈಗೆ ಎಷ್ಟು ಪೆಟ್ಟು ಕೊಡುತ್ತಿದೆ ಎಂದು ಹೋಲಿಸಿ ಹೇಳುವುದರಲ್ಲೇ ಅದರ ಬಲ ಇರುವುದು.

ಆದ್ದರಿಂದ ಜಗಿಯುವ ಅಭ್ಯಾಸವಿರುವವರು ಇಂಥ ಪರೀಕ್ಷೆಗೆ ಕಾಯುವುದು ಬೇಡ. ಹೊಗೆಸೊಪ್ಪು, ಗುಟ್ಕಾ ಇವತ್ತೇ ಬಿಡಿ, ಅಡಿಕೆಯನ್ನೂ ಬಿಡಿ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಖಾರ ತಿಂದಾಗ ಉರಿ ತಡೆಯಲಾಗದಿದ್ದರೆ, ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಲು ಆಗದಿದ್ದರೆ ಹತ್ತಿರದ ದಂತವೈದ್ಯರಿಗೆ ತೋರಿಸಿ.