ಹಾಕಿ ಕೋಲಿನ ಬಣ್ಣ

ಹಾಕಿ ಕೋಲನ್ನು ದೂರದಿಂದ ನೋಡುವವನಿಗೆ ಮೊದಲು ಕಾಣುವುದು ಅದರ ಬಣ್ಣ. ಕೆಂಪು, ನೀಲಿ, ಕಪ್ಪು ಪಟ್ಟೆಗಳೂ ತಯಾರಕರ ಹೆಸರೂ ಹೊಳೆಯುವ ಮೆರುಗೂ ಸೇರಿ ಹೊಸ ಕೋಲು ಕಣ್ಣಿಗೆ ಹಬ್ಬವೆನಿಸುತ್ತದೆ. ಆಟ ಮುಂದುವರಿದಂತೆ ಈ ಅಂದ ಅಳಿದು, ಕೋಲಿನ ಕೆಳತುದಿಯಲ್ಲಿ ಬರಿಯ ಕಟ್ಟಿಗೆ ತೋರತೊಡಗುತ್ತದೆ. ಆಗ ಅದಕ್ಕೆ ಮತ್ತೆ ಬಣ್ಣ ಹಚ್ಚಬೇಕೆಂಬ ಆಸೆ ಹುಟ್ಟುವುದು ಸಹಜ. ಇದನ್ನು ಬರಿಯ ಅಲಂಕಾರದ ಚಪಲವೆಂದು ತಳ್ಳಿಹಾಕುವ ಹಿರಿಯರುಂಟು. ಅವರ ಮಾತು ಅರ್ಧ ಮಾತ್ರ ಸರಿ. ಕೋಲಿಗೆ ಬಣ್ಣವು ಉಡುಗೆಯೂ ಹೌದು, ಚರ್ಮವೂ ಹೌದು.

ಕಟ್ಟಿಗೆಯ ಕೋಲಿನ ರಚನೆಯನ್ನು ತಿಳಿದರೆ ಈ ಮಾತು ಸ್ಪಷ್ಟವಾಗುತ್ತದೆ. ಚೆಂಡನ್ನು ಹೊಡೆಯುವ ಬಾಗಿದ ಭಾಗವನ್ನು ಹಿಪ್ಪುನೇರಳೆಯ ಮರದಿಂದ ಮಾಡುತ್ತಾರೆ. ಹಿಪ್ಪುನೇರಳೆ ಎಂದೊಡನೆ ಕನ್ನಡ ನಾಡಿನವರಿಗೆ ನೆನಪಾಗುವುದು ರೇಷ್ಮೆಹುಳು. ನಮ್ಮ ಹೊಲಗಳಲ್ಲಿ ಸೊಪ್ಪಿಗಾಗಿ ಅದನ್ನು ಮತ್ತೆಮತ್ತೆ ಕತ್ತರಿಸಿ ಪೊದೆಯಾಗಿಯೇ ಇರಿಸುವುದು ವಾಡಿಕೆ. ಮರವಾಗಿ ಬೆಳೆಯಗೊಟ್ಟರೆ ಅದರ ಕಟ್ಟಿಗೆ ಗಟ್ಟಿಯಾಗಿಯೂ ಬಾಗುವ ಗುಣವುಳ್ಳದ್ದಾಗಿಯೂ ಇರುತ್ತದೆ. ಜಲಂಧರ, ಮೀರತ್ ಹಾಗೂ ಇಂದು ಪಾಕಿಸ್ತಾನದಲ್ಲಿರುವ ಸಿಯಾಲ್‌ಕೋಟ್ ಈ ಕೆಲಸಕ್ಕೆ ಹೆಸರಾದ ಊರುಗಳು. ಅಲ್ಲಿಯ ಕುಶಲಕರ್ಮಿಗಳು ಹಿಪ್ಪುನೇರಳೆಯ ತುಂಡನ್ನು ಹಬೆಯಲ್ಲಿ ಮೆದುಗೊಳಿಸಿ ಬಾಗಿಸುತ್ತಾರೆ. ಹಿಡಿಯು ಬೆತ್ತದ್ದು. ಬೆತ್ತದ ಸೀಳುಗಳ ನಡುವೆ ರಬ್ಬರಿನ ಪಟ್ಟಿಗಳನ್ನಿಟ್ಟು ಅಂಟಿಸುವುದರಿಂದ ಹೊಡೆತದ ಅದುರು ಅಂಗೈಯನ್ನು ಅಷ್ಟಾಗಿ ತಾಗದು. ಹಿಡಿಯ ತುದಿಯನ್ನು ಬೆಣೆಯಂತೆ ಕೆತ್ತಿ ಕಟ್ಟಿಗೆಯ ಸೀಳಿನಲ್ಲಿ ಕೂರಿಸುತ್ತಾರೆ. ಹೀಗೆ ಒಂದು ಕೋಲಿನಲ್ಲಿ ಮರ, ಬೆತ್ತ, ರಬ್ಬರು, ಅಂಟು ಎಂಬ ನಾಲ್ಕು ವಸ್ತುಗಳು ಒಟ್ಟುಗೂಡಿವೆ. ಇವುಗಳ ಒಗ್ಗಟ್ಟಿಗೆ ದೊಡ್ಡ ಶತ್ರು ನೀರು.

ದಾಂಡೇಲಿಯಿಂದ ಅಂಬಿಕಾನಗರದ ಕಡೆಗೆ ಹೋಗುವ ಹಾದಿಯಲ್ಲಿರುವ ಕುಳಗಿಯಂಥ ಊರಿನವರಿಗೆ ನೀರಿನ ಈ ಶಕ್ತಿಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ತೇಗ, ಬಿದಿರುಗಳ ಆ ಕಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ತೇವ. ಆಷಾಢದ ಹೊತ್ತಿಗೆ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದನ್ನು ಮಲೆನಾಡಿನ ಮಕ್ಕಳೆಲ್ಲ ಕಂಡಿದ್ದಾರೆ. ಕಟ್ಟಿಗೆಯ ನಾರುಗಳು ತೇವವನ್ನು ಹೀರಿದಾಗ ಅಡ್ಡಕ್ಕೆ ಹಿಗ್ಗುತ್ತವೆ, ಉದ್ದಕ್ಕೆ ಬಹುಮಟ್ಟಿಗೆ ಹಿಗ್ಗುವುದಿಲ್ಲ. ಒಣಗಿದಾಗ ಮತ್ತೆ ಕುಗ್ಗುತ್ತವೆ. ಬಣ್ಣ ಹೋದ ಕೋಲು ಒದ್ದೆ ಹುಲ್ಲಿನಲ್ಲಿ ಉಬ್ಬಿ, ಬಿಸಿಲಿನಲ್ಲಿ ಕುಗ್ಗಿ, ಕೊನೆಗೆ ನಾರಿನ ಗುಂಟ ಸೀಳುತ್ತದೆ. ಬಾಗಿಲಿಗೆ ಎಣ್ಣೆ ಹಚ್ಚುವುದಕ್ಕೂ ಕೋಲಿಗೆ ವಾರ್ನಿಷ್ ಹಚ್ಚುವುದಕ್ಕೂ ಕಾರಣ ಒಂದೇ.

ಕಟ್ಟಿಗೆಗೆ ಬಣ್ಣ ಕೊಡುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಹಳಿಯಾಳ, ಮುಂಡಗೋಡಗಳಿಗೆ ನೆರೆಯದಾದ ಕಲಘಟಗಿಯು ಬಣ್ಣದ ತೊಟ್ಟಿಲುಗಳಿಗೆ ಹೆಸರುವಾಸಿ. ತೇಗದ ಆ ತೊಟ್ಟಿಲುಗಳ ಮೇಲೆ ಅರಗಿನ ಬಣ್ಣಗಳಿಂದ ಪುರಾಣದ ಚಿತ್ರಗಳನ್ನು ಬರೆಯುತ್ತಾರೆ. ಚನ್ನಪಟ್ಟಣದಲ್ಲಿ ತಿರುಗುವ ಚರಕಿಗೆ ಹಾಲೆ ಮರದ ತುಂಡನ್ನು ಸಿಕ್ಕಿಸಿ, ಅದಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಕೇದಗೆಯ ಜಾತಿಯ ಗಿಡದ ಎಲೆಯಿಂದ ತಿಕ್ಕಿ ಹೊಳಪು ಬರಿಸುತ್ತಾರೆ. ಇದೇ ಅರಗನ್ನು ಹಾಕಿ ಕೋಲಿಗೂ ಹಚ್ಚಬಾರದೇಕೆ ಎಂದು ನೀವು ಕೇಳಬಹುದು. ತೊಟ್ಟಿಲು ಮನೆಯೊಳಗೆ ಇರುವ ವಸ್ತು, ಕೋಲು ಹೊರಗೆ ದುಡಿಯುವ ವಸ್ತು. ಸ್ಪಿರಿಟಿನಲ್ಲಿ ಕರಗಿಸಿದ ಅರಗಿನ ಮೆರುಗು ನೀರು ತಾಗಿದರೆ ಬಿಳಿಚಿಕೊಳ್ಳುತ್ತದೆ. ಆದುದರಿಂದ ಅರಗನ್ನು ಒಳಪದರವಾಗಿ ಬಳಸಿದರೂ ಮೇಲೆ ನೀರು ತಡೆಯುವ ವಾರ್ನಿಷ್ ಬೇಕೇ ಬೇಕು.

ಬಣ್ಣ ಹಚ್ಚುವ ಮೊದಲು ಮಾಡಬೇಕಾದ ಕೆಲಸವೊಂದುಂಟು. ನನ್ನ ಎಣಿಕೆಯಲ್ಲಿ ಬಣ್ಣಕ್ಕಿಂತ ಅದೇ ಮುಖ್ಯ. ಹಳೆಯ ಕೋಲುಗಳು ಕೈಯಿಂದ ಕೈಗೆ ಹೋಗುತ್ತವೆ. ಕೊಡಗಿನ ಉದಾಹರಣೆಯನ್ನೇ ನೋಡಿರಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಆರಂಭಿಸಿದಾಗ 60 ಕುಟುಂಬಗಳು ಆಡಿದ್ದವು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಹಬ್ಬದಲ್ಲಿ 360 ತಂಡಗಳಿದ್ದವು. ಒಂದೇ ಮನೆತನದ ತಂಡದಲ್ಲಿ ಹಿರಿಯರು, ಹೆಂಗಸರು, ಶಾಲೆಯ ಮಕ್ಕಳು ಎಲ್ಲರೂ ಆಡುವ ಹಬ್ಬವದು. ಇಂಥ ಕಡೆ ಅಣ್ಣನ ಕೋಲು ತಮ್ಮನಿಗೆ ಬರುವುದು ಸಹಜ. ಕೋಲು ಎಲ್ಲಿ ಪೆಟ್ಟು ತಿಂದಿದೆ ಎಂಬುದು ಅಣ್ಣನಿಗೆ ಗೊತ್ತು, ತಮ್ಮನಿಗೆ ಗೊತ್ತಿಲ್ಲ. ಹಾಕಿ ಚೆಂಡು 156ರಿಂದ 163 ಗ್ರಾಂ ತೂಗುವ ಗಟ್ಟಿ ಗೋಳ. ಬಿರುಕಿರುವ ಕೋಲಿನಿಂದ ಅದನ್ನು ಬಲವಾಗಿ ಹೊಡೆದರೆ ಕೋಲಿನ ಮುರುಕು ಹಾರಿ ಎದುರಿನವನ ಮುಖಕ್ಕೆ ಬಡಿಯಬಹುದು. ದಪ್ಪ ಬಣ್ಣದ ಕೆಳಗೆ ಆ ಬಿರುಕನ್ನು ಮರೆಮಾಡುವುದೆಂದರೆ ಅಪಾಯವನ್ನು ಮುಚ್ಚಿ ಇನ್ನೊಬ್ಬನ ಕೈಗೆ ಕೊಟ್ಟಂತೆ. ಹಳೆಯ ಕೋಲನ್ನು ಹೊಳೆಯಿಸಿ ಹೊಸದೆಂದು ಮಾರುವುದೂ ಒಂದು ವಿದ್ಯೆಯೇ; ಆ ವಿದ್ಯೆ ಈ ಪಾಠದ ವಿಷಯವಲ್ಲ.

ಹಳೆಯ ಬಣ್ಣವನ್ನು ಮರಳು ಕಾಗದದಿಂದ ನಾರಿನ ಗುಂಟ ಉಜ್ಜಿ ತೆಗೆಯಬೇಕು. ಅಡ್ಡಕ್ಕೆ ಉಜ್ಜಿದರೆ ಗೀರುಗಳು ಉಳಿಯುತ್ತವೆ. ಬಹಳ ಹಳೆಯ ಬಣ್ಣದಲ್ಲಿ ಸೀಸ ಇದ್ದಿರಬಹುದು. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಗಳಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ. ಆದುದರಿಂದ ಒದ್ದೆ ಮಾಡಿದ ಕಾಗದದಿಂದ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಯಲಿನಲ್ಲಿ ಉಜ್ಜುವುದು ಲೇಸು. ಆಮೇಲೆ ಕೋಲನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಬೇಕು. ಕಟ್ಟಿಗೆ ಬೆತ್ತಲಾದ ಈ ಹೊತ್ತಿನಲ್ಲಿಯೇ ಅದನ್ನು ಬೆಳಕಿಗೆ ಹಿಡಿದು ಪರೀಕ್ಷಿಸಬೇಕು. ಬಾಗಿನ ಒಳಮೈ, ಹಿಡಿ ಸೇರುವ ಬೆಣೆ, ನೆಲಕ್ಕೆ ಉಜ್ಜುವ ಕೆಳ ಅಂಚು, ಈ ಮೂರು ಕಡೆ ಕಣ್ಣಿಡಬೇಕು. ನೆಲಕ್ಕೆ ಮೆಲ್ಲನೆ ಕುಟ್ಟಿದಾಗ ಗಟ್ಟಿ ಕೋಲು ಕಂಚಿನಂತೆ ನಾದ ಕೊಡುತ್ತದೆ, ಸೀಳಿದ ಕೋಲು ಒಡೆದ ಮಡಕೆಯಂತೆ ಬೊದ್ದು ದನಿ ಕೊಡುತ್ತದೆ. ಕೂದಲೆಳೆಯಷ್ಟು ಬಿರುಕಾದರೆ ಅದಕ್ಕೆ ತೆಳುವಾದ ಅಂಟನ್ನು ಉಣಿಸಿ ಬಿಗಿದು ಕಟ್ಟಬಹುದು. ಬೆರಳಿನ ಒತ್ತಿಗೆ ಬಾಯ್ದೆರೆಯುವ ಬಿರುಕಾದರೆ ಆ ಕೋಲಿನ ಆಟ ಮುಗಿಯಿತು. ಅದಕ್ಕೆ ಬಣ್ಣ ದಂಡ.

ಗಟ್ಟಿ ಕೋಲಿಗೆ ಮೊದಲು ತೆಳ್ಳನೆಯ ಒಳಪದರ, ಅದು ಒಣಗಿದ ಮೇಲೆ ಬಣ್ಣ, ಕೊನೆಗೆ ವಾರ್ನಿಷ್. ಪ್ರತಿ ಪದರವೂ ತೆಳುವಾಗಿರಬೇಕು. ದಪ್ಪನೆಯ ಒಂದು ಪದರ ಮೇಲ್ಭಾಗದಲ್ಲಿ ಒಣಗಿದಂತೆ ತೋರಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಮೊದಲ ಹೊಡೆತಕ್ಕೇ ಸಿಪ್ಪೆಯಂತೆ ಏಳುತ್ತದೆ. ಟರ್ಪೆಂಟೈನ್, ಸ್ಪಿರಿಟುಗಳು ಬೇಗ ಹೊತ್ತಿಕೊಳ್ಳುವುದರಿಂದ ಒಲೆಯ ಹತ್ತಿರ ಈ ಕೆಲಸ ಕೂಡದು. ಕುಳಗಿಯ ಕಡೆಯವರು ಇದನ್ನು ಮಳೆಗಾಲದಲ್ಲಿ ಕೈಗೊಳ್ಳದೆ ಮಾಗಿಯವರೆಗೆ ಕಾಯುವುದು ಮೇಲು. ತೇವ ಹೀರಿದ ಕಟ್ಟಿಗೆಯ ಮೇಲೆ ಬಣ್ಣ ಬಳಿದರೆ ಒಳಗಿನ ನೀರು ಹೊರಬರಲು ಹವಣಿಸಿ ಬಣ್ಣದ ಮೇಲೆ ಗುಳ್ಳೆಗಳನ್ನೆಬ್ಬಿಸುತ್ತದೆ.

ಚಿತ್ತಾರದ ವಿಷಯದಲ್ಲಿ ಆಟಗಾರನು ಸ್ವತಂತ್ರ, ಆದರೆ ಅಳತೆಯ ವಿಷಯದಲ್ಲಿ ಅಲ್ಲ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕೋಲಿನ ತೂಕ 737 ಗ್ರಾಂ ಮೀರಬಾರದು. ಮೇಲಿನ ಹೊದಿಕೆಯೂ ಸೇರಿ ಅದು 51 ಮಿಲಿಮೀಟರ್ ಒಳವ್ಯಾಸದ ಬಳೆಯೊಳಗೆ ತೂರಬೇಕು. ಮೈ ನಯವಾಗಿರಬೇಕು, ಲೋಹವನ್ನು ಬಳಸುವಂತಿಲ್ಲ. ಆದುದರಿಂದ ಮುರಿದ ಕೋಲಿಗೆ ಮೊಳೆ ಬಡಿಯುವ ಉಪಾಯ ಆಟದ ಬಯಲಿನಲ್ಲಿ ನಡೆಯದು. ತೂಕದ ಒಟ್ಟು ಲೆಕ್ಕದಷ್ಟೇ ಅದು ಎಲ್ಲಿ ಕೂಡಿತು ಎಂಬುದೂ ಮುಖ್ಯ. ಕೈಯ ಹತ್ತಿರ ಕೂಡಿದ ಹತ್ತು ಗ್ರಾಂ ಅರಿವಿಗೇ ಬಾರದಿರಬಹುದು. ಅದೇ ಹತ್ತು ಗ್ರಾಂ ಕೈಯಿಂದ ದೂರವಾದ ಕೆಳತುದಿಯಲ್ಲಿ ಕೂಡಿದರೆ ಕೋಲನ್ನು ತಿರುಗಿಸುವಾಗ ಮಣಿಕಟ್ಟಿಗೆ ಭಾರ ತಿಳಿಯುತ್ತದೆ. ಏತದ ಉದ್ದನೆಯ ತುದಿಯ ತತ್ವವೇ ಇಲ್ಲಿಯೂ ಇದೆ. ಚಿತ್ರವನ್ನು ಹಿಡಿಯ ಸಮೀಪ ಬರೆದು, ಕೆಳತುದಿಗೆ ತೆಳುವಾದ ವಾರ್ನಿಷ್ ಮಾತ್ರ ಕೊಡುವುದು ಜಾಣತನ. ಹೇಗಿದ್ದರೂ ತುದಿಯ ಚಿತ್ರ ನಾಲ್ಕು ದಿನಕ್ಕೆ ಸವೆದು ಹೋಗುತ್ತದೆ.

1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದ ಕೃತಕ ಹಾಸು ಬಂದ ಮೇಲೆ ಕೋಲಿನ ಅಂಚು ಸವೆಯುವುದೂ ಹೆಚ್ಚಾಯಿತು. ಈಗ ದೊಡ್ಡ ಪಂದ್ಯಗಳಲ್ಲಿ ಕಾಣುವುದು ಗಾಜಿನ ನಾರು, ಇಂಗಾಲದ ನಾರುಗಳನ್ನು ರಾಳದಲ್ಲಿ ಬೆಸೆದ ಕೋಲುಗಳು. ಇವುಗಳಲ್ಲಿ ನಾರೇ ಬಲ. ಮರದ ಕೋಲಿನಂತೆ ಇವನ್ನು ಆಳಕ್ಕೆ ಉಜ್ಜಿದರೆ ನಾರು ಕಡಿದು ಕೋಲು ದುರ್ಬಲವಾಗುತ್ತದೆ. ಏಳುವ ಧೂಳು ಶ್ವಾಸಕೋಶಕ್ಕೂ ಕೇಡು. ಇವುಗಳ ಹೊಳಪನ್ನಷ್ಟೇ ಮಂದಗೊಳಿಸಿ ಮೇಲೆ ಬಣ್ಣ ಕೊಡಬೇಕು, ಇಲ್ಲವೆ ಅಂಟುಚಿತ್ರದಿಂದ ತೃಪ್ತಿಪಡಬೇಕು.

ಬಣ್ಣವೆಲ್ಲ ಒಣಗಿದ ಮೇಲೆ ಉಳಿಯುವುದು ಹಿಡಿಗೆ ಪಟ್ಟಿ ಸುತ್ತುವ ಕೆಲಸ. ಸುತ್ತುವ ಮುನ್ನ, ಪಟ್ಟಿಯ ಕೆಳಗೆ ಮರೆಯಾಗುವ ಬೆತ್ತದ ಮೇಲೆ, ಬಣ್ಣ ಹಚ್ಚಿದ ತಿಂಗಳು, ವರ್ಷ ಹಾಗೂ ಅಂಟು ಉಣಿಸಿದ ಬಿರುಕು ಎಲ್ಲಿತ್ತೆಂಬುದನ್ನು ಸಣ್ಣ ಅಕ್ಷರಗಳಲ್ಲಿ ಬರೆದಿಡಬಹುದು. ಮುಂದೆಂದೋ ಆ ಪಟ್ಟಿಯನ್ನು ಬಿಚ್ಚುವವನಿಗೆ ಅದು ಬೇಕಾಗುತ್ತದೆ.