ನಿಮಗಿದು ಗೊತ್ತೆ? ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ
ಪ್ರಿಂಟರಿನ ಮಾತು ಕಂಪ್ಯೂಟರಿಗೆ ತಿಳಿಯಬೇಕಾದರೆ ನಡುವೆ ‘ಡ್ರೈವರ್’ ಎಂಬ ದುಭಾಷಿ ಬೇಕು. ವಿಂಡೋಸ್‌ಗೆಂದು ಬರೆದ ಡ್ರೈವರ್ ಲಿನಕ್ಸ್‌ನಲ್ಲಿ ಹಾಗೇ ಓಡುವುದಿಲ್ಲ.

ಇಂಥ ಪ್ರೋಗ್ರಾಮಿನ ಮೂಲ ಕೋಡ್ ಕೈಗೆ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೊಂದು ಹಳೆಯ ಕತೆಯಿದೆ. 1980ರ ಸುಮಾರಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಒಳಗೆ ಕಾಗದ ಸಿಕ್ಕಿಕೊಂಡರೆ ದೂರದಲ್ಲಿ ಕುಳಿತವರಿಗೆ ಗೊತ್ತೇ ಆಗುತ್ತಿರಲಿಲ್ಲ. ಕಾದು ಕಾದು ಎದ್ದು ಹೋದರೆ ಟ್ರೇ ಖಾಲಿ! ಹಳೆಯ ಪ್ರಿಂಟರಿನ ಪ್ರೋಗ್ರಾಮನ್ನು ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ ತಾವೇ ತಿದ್ದಿ, ಕಾಗದ ಸಿಕ್ಕಿಕೊಂಡಾಗ ಮುದ್ರಣಕ್ಕೆ ಕಾಯುತ್ತಿದ್ದ ಎಲ್ಲರ ಪರದೆಗೂ ಸುದ್ದಿ ಮುಟ್ಟುವಂತೆ ಮಾಡಿದ್ದರು. ಹೊಸದಕ್ಕೆ ಆ ಉಪಾಯ ನಡೆಯಲಿಲ್ಲ, ಮೂಲ ಕೋಡೇ ಸಿಗಲಿಲ್ಲ. ಆ ಕೋಡ್ ಇದ್ದವರನ್ನು ಕೇಳಿದರೆ, ಗುಟ್ಟು ಬಿಡುವುದಿಲ್ಲವೆಂದು ಕರಾರು ಮಾಡಿಕೊಂಡಿದ್ದಾರಂತೆ! ಸ್ಟಾಲ್ಮನ್ ಅವರ ಸಿಟ್ಟು ಆರಲಿಲ್ಲ. 1983ರಲ್ಲಿ ಅವರು ಮೂಲ ಕೋಡ್ ಎಲ್ಲರಿಗೂ ಸಿಗುವ ‘ಗ್ನೂ’ ಎಂಬ ಮುಕ್ತ ತಂತ್ರಾಂಶ ಯೋಜನೆ ಘೋಷಿಸಿದರು.